ಕಿಮೋ ಶುರುವಾದ ಮೇಲೆ ಸಿಇಎ ಏರುತ್ತಿದೆ: ಔಷಧ ಬದಲಿಸಲು ಕೇಳಬೇಕೇ?

ಹಿರಿಮಗಳು

ಅಮ್ಮನಿಗೆ 61 ವರ್ಷ. ದೊಡ್ಡ ಕರುಳಿನ ಎಡಭಾಗದಲ್ಲಿ ಕ್ಯಾನ್ಸರ್, ಲಿವರ್‌ನ ಎರಡೂ ಕಡೆ ಹರಡಿದೆ. ಸದ್ಯಕ್ಕೆ ಶಸ್ತ್ರಚಿಕಿತ್ಸೆ ಆಗುವುದಿಲ್ಲ, ಮೊದಲು ಕಿಮೋ ಎಂದಿದ್ದಾರೆ. ಎರಡು ವಾರಕ್ಕೊಮ್ಮೆ ಫೋಲ್‌ಫಾಕ್ಸ್ (ಆಕ್ಸಾಲಿಪ್ಲಾಟಿನ್ ಇರುವ ಕಿಮೋ ಜೋಡಿ), ಜೊತೆಗೆ ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬ್. ಶುರು ಮಾಡುವ ಮುನ್ನ ಸಿಇಎ, ಅಂದರೆ ಈ ಕ್ಯಾನ್ಸರ್‌ನ ಏರಿಳಿತ ನೋಡಲು ರಕ್ತದಲ್ಲಿ ಅಳೆಯುವ ಅಂಕಿ, 86 ಇತ್ತು. ಎರಡನೇ ಸೈಕಲ್‌ಗೆ ಮುನ್ನ 109. ಮೂರನೆಯದಕ್ಕೆ ಮುನ್ನ 134. ಅದೇ ಹಾಳೆಯಲ್ಲಿ ಸಿಎ 19-9 ಎಂಬ ಇನ್ನೊಂದು ಸಾಲು ಇದೆ, ಅದೂ 41ರಿಂದ 58ಕ್ಕೆ ಹೋಗಿದೆ.

ವಿಚಿತ್ರವೆಂದರೆ ಅಮ್ಮ ಮೊದಲಿಗಿಂತ ಲವಲವಿಕೆಯಿಂದ ಇದ್ದಾರೆ. ಬಲ ಪಕ್ಕೆಲುಬಿನ ಕೆಳಗೆ ಇದ್ದ ನೋವು ತಗ್ಗಿದೆ, ನೋವಿನ ಮಾತ್ರೆ ಕೇಳುವುದು ಅಪರೂಪವಾಗಿದೆ. ಆದರೆ ವರದಿ ರಾತ್ರಿ ಹೊತ್ತು ಮೊಬೈಲಿಗೆ ಬಂದು ಬೀಳುತ್ತದೆ. ಕೆಂಪು ಅಂಕಿ, ಪಕ್ಕದಲ್ಲಿ ಮೇಲ್ಮುಖ ಬಾಣ. ಡಾಕ್ಟರ್ ಸಿಗುವುದು ಮುಂದಿನ ಸೈಕಲ್‌ನ ದಿನ. ಸಿಟಿ ಸ್ಕ್ಯಾನ್‌ಗೆ ಇನ್ನೂ ಸಮಯವಿದೆ. ಈ ಔಷಧ ಹಿಡಿಯುತ್ತಿಲ್ಲ, ಬದಲಿಸಿ ಎಂದು ಕೇಳೋಣ ಎಂದು ತಮ್ಮ ಪಟ್ಟು ಹಿಡಿದಿದ್ದಾನೆ. ಕೇಳುವುದು ಸರಿಯೇ?

ಎರಡನೇ ಸುತ್ತಿನವ

ತಂಗಿ, ಈಗಲೇ ಬೇಡ. ನಾನು ಈ ದಾರಿಯಲ್ಲಿ ಹೋಗಿ ಬಂದವನು. ಫೋಲ್‌ಫಾಕ್ಸ್ ಶುರುವಾದಾಗ ನನ್ನ ಸಿಇಎ 40ರ ಆಸುಪಾಸಿನಿಂದ 70 ದಾಟಿತ್ತು. ಮನೆಯವರೆಲ್ಲ ನನ್ನ ಮುಖ ನೋಡುವುದನ್ನೇ ತಪ್ಪಿಸುತ್ತಿದ್ದರು. ಆಮೇಲೆ ಅದು ಇಳಿಯುತ್ತಾ ಇಳಿಯುತ್ತಾ ಒಂದಂಕಿಗೆ ಬಂತು, ಸ್ಕ್ಯಾನ್‌ನಲ್ಲಿ ಗಡ್ಡೆಗಳೂ ಕುಗ್ಗಿದ್ದವು. ವರ್ಷಕ್ಕೂ ಮಿಕ್ಕಿ ಆ ಔಷಧವೇ ನನ್ನನ್ನು ಹಿಡಿದು ನಿಲ್ಲಿಸಿತು. ಅಂದು ಬೆದರಿ ಬಿಟ್ಟಿದ್ದರೆ ಆ ವರ್ಷ ನನ್ನದಾಗುತ್ತಿರಲಿಲ್ಲ. ಈಗ ಎರಡನೇ ಸುತ್ತು, ಇರಿನೊಟೆಕಾನ್ ಇರುವ ಫೋಲ್‌ಫಿರಿ ಎಂಬ ಜೋಡಿ ನಡೆಯುತ್ತಿದೆ.

ನೋವು ತಗ್ಗಿದೆ ಎಂದಿರಲ್ಲ, ಅದನ್ನು ಡಾಕ್ಟರ್‌ಗೆ ಅಂಕಿಗಿಂತ ಮೊದಲು ಹೇಳಿ.

ನಿವೃತ್ತ ಶಸ್ತ್ರವೈದ್ಯ

ಮೇಲಿನವರ ಸಲಹೆ ಸರಿ. ಆದರೆ ಒಬ್ಬರಿಗೆ ಆದದ್ದು ಇನ್ನೊಬ್ಬರಿಗೂ ಆಗುತ್ತದೆ ಎನ್ನಲು ಬಾರದು, ಆದ್ದರಿಂದ ಕಾರಣವನ್ನೂ ಹೇಳುತ್ತೇನೆ. ನಿಮ್ಮ ತಾಯಿಯ ಕಡತ ನಾನು ನೋಡಿಲ್ಲ, ತೀರ್ಮಾನ ಅವರ ಆಂಕಾಲಜಿಸ್ಟ್‌ರದ್ದೇ.

ಸಿಇಎ ಎನ್ನುವುದು ಭ್ರೂಣದ ಕರುಳಿನಲ್ಲಿ ಹೇರಳವಾಗಿ, ದೊಡ್ಡವರಲ್ಲಿ ಬಹಳ ಕಡಿಮೆ ಇರುವ ಒಂದು ಪ್ರೋಟೀನ್. 1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಇದನ್ನು ಕರುಳಿನ ಕ್ಯಾನ್ಸರ್‌ನಲ್ಲಿ ಗುರುತಿಸಿದರು. ಕ್ಯಾನ್ಸರ್ ಕೋಶದ ಮೈಮೇಲೆ ಅಂಟಿಕೊಂಡಿರುವ ಇದು ಕಳಚಿ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಅದನ್ನು ತೆಗೆದುಹಾಕುವ ಕೆಲಸ ಮುಖ್ಯವಾಗಿ ಲಿವರ್‌ನದು. ಹೊಸದಾಗಿ ಏನೂ ಸೇರದಿದ್ದರೆ ಸುಮಾರು 3ರಿಂದ 5 ದಿನಗಳಲ್ಲಿ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಅಂದರೆ ವರದಿಯಲ್ಲಿ ನೀವು ನೋಡುವ ಅಂಕಿ ಗಡ್ಡೆಯ ಗಾತ್ರವಲ್ಲ. ಒಳಗೆ ಬರುತ್ತಿರುವುದೆಷ್ಟು, ಹೊರಗೆ ಹೋಗುತ್ತಿರುವುದೆಷ್ಟು ಎಂಬುದರ ಲೆಕ್ಕ ಅದು. ಕಿಮೋ ಶುರುವಾದಾಗ ಈ ಎರಡೂ ಕಡೆ ಏರುಪೇರಾಗುತ್ತದೆ. ಸಾಯುತ್ತಿರುವ ಕೋಶಗಳು ತಮ್ಮಲ್ಲಿದ್ದ ಸಿಇಎಯನ್ನು ಒಮ್ಮೆಲೇ ಚೆಲ್ಲುತ್ತವೆ. ಇನ್ನೊಂದು ಕಡೆ ಆಕ್ಸಾಲಿಪ್ಲಾಟಿನ್ ಲಿವರ್‌ನ ಅತಿ ಸಣ್ಣ ರಕ್ತನಾಳಗಳಿಗೆ ಪೆಟ್ಟು ಕೊಡಬಲ್ಲದು, ಆಗ ತೆಗೆದುಹಾಕುವ ಕೆಲಸ ನಿಧಾನವಾಗುತ್ತದೆ. ಫಲವಾಗಿ ಔಷಧ ಕೆಲಸ ಮಾಡುತ್ತಿರುವಾಗಲೇ ಅಂಕಿ ಏರಬಹುದು.

ಇದು ನನ್ನ ಊಹೆಯಲ್ಲ. ಆಕ್ಸಾಲಿಪ್ಲಾಟಿನ್ ಪಡೆದು ಗಡ್ಡೆ ಕುಗ್ಗಿದವರಲ್ಲೇ ಆರಂಭದಲ್ಲಿ ಇಂಥ ಏರಿಕೆ ಕಂಡದ್ದನ್ನು ನಾರ್ವೆಯ ವೈದ್ಯರು 2003ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಬ್ಬರಿಗೆ, ಅದಕ್ಕಿಂತ ತುಸು ಹೆಚ್ಚು ಜನರಿಗೆ ಹೀಗಾಗುತ್ತದೆ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವಾದ ಆಸ್ಕೋ 2006ರ ಮಾರ್ಗಸೂಚಿಯಲ್ಲಿ, ಹೊಸ ಔಷಧದ ಮೊದಲ 4ರಿಂದ 6 ವಾರಗಳಲ್ಲಿ ಕಾಣುವ ಏರಿಕೆಯನ್ನು, ಅದರಲ್ಲೂ ಆಕ್ಸಾಲಿಪ್ಲಾಟಿನ್ ನಂತರದ್ದನ್ನು, ಎಚ್ಚರಿಕೆಯಿಂದ ಓದಬೇಕು ಎಂದು ಹೇಳಿತು. ನಿಮ್ಮ ತಾಯಿ ಈಗ ಸರಿಯಾಗಿ ಆ ಅವಧಿಯೊಳಗೇ ಇದ್ದಾರೆ.

ತಮ್ಮನಿಗೆ ಒಂದು ಮಾತು ಹೇಳಿ. ಈ ಕಾಯಿಲೆಗೆ ಇರುವ ಔಷಧಗಳ ಸಾಲು ಉದ್ದವಲ್ಲ. ಆಕ್ಸಾಲಿಪ್ಲಾಟಿನ್ ಇರುವ ಜೋಡಿ, ಇರಿನೊಟೆಕಾನ್ ಇರುವ ಜೋಡಿ, ಗಡ್ಡೆಯಲ್ಲಿ ರಾಸ್ ಎಂಬ ಜೀನ್ ಬದಲಾಗದಿದ್ದರೆ ಸೆಟುಕ್ಸಿಮ್ಯಾಬ್ ಅಥವಾ ಪ್ಯಾನಿಟುಮುಮ್ಯಾಬ್, ಆಮೇಲೆ ಟ್ರೈಫ್ಲುರಿಡಿನ್-ಟಿಪಿರಾಸಿಲ್, ರೆಗೊರಾಫೆನಿಬ್, ಈಚೆಗೆ ಫ್ರುಕ್ವಿಂಟಿನಿಬ್. ಸಾಲಿನಲ್ಲಿ ಹಿಂದೆ ಹೋದಷ್ಟೂ ಸಿಗುವ ಫಲ ಕಡಿಮೆ. ಮುಂದಿರುವುದನ್ನು ಒಂದು ಅಂಕಿಗೆ ಹೆದರಿ ಕೈಬಿಡುವುದು ದುಬಾರಿ ಆತುರ.

ಸಿಎ 19-9 ಬಗ್ಗೆ: ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಚಿಕಿತ್ಸೆಯನ್ನು ಅದರಿಂದ ಅಳೆಯಲು ಸಾಕಷ್ಟು ಆಧಾರವಿಲ್ಲ ಎಂದು ಅದೇ ಮಾರ್ಗಸೂಚಿ ಹೇಳಿದೆ. ಪಿತ್ತನಾಳ ಸ್ವಲ್ಪ ಕಟ್ಟಿಕೊಂಡರೂ ಅದು ಏರುತ್ತದೆ. ಲೂಯಿಸ್ ಎಂಬ ರಕ್ತದ ಗುಣವಿಲ್ಲದ ನೂರರಲ್ಲಿ ಐದರಿಂದ ಹತ್ತು ಜನರ ದೇಹ ಅದನ್ನು ತಯಾರಿಸುವುದೇ ಇಲ್ಲ. ಆ ಸಾಲನ್ನು ಓದದೆ ಬಿಡಿ.

ಪಕ್ಕದ ಕುರ್ಚಿ

ಡಾಕ್ಟರೇ, ಹಾಗಾದರೆ ಏರಿದರೂ ಒಳ್ಳೆಯದು, ಇಳಿದರೂ ಒಳ್ಳೆಯದು ಎಂದಾಯಿತಲ್ಲ? ಅಂಥ ಪರೀಕ್ಷೆಯನ್ನು ಮಾಡುವುದಾದರೂ ಏಕೆ?

ನಿವೃತ್ತ ಶಸ್ತ್ರವೈದ್ಯ

ಹಾಗೆ ನಾನು ಹೇಳಲಿಲ್ಲ. ಆರಂಭದ ಏರಿಕೆಗೆ ವಾಯಿದೆ ಇದೆ. ಶುರುವಿನ ಅಂಕಿಗಿಂತ ಮೇಲೆ ಹೋಗಿ, ಒಂದು ಶಿಖರ ಮುಟ್ಟಿ, ಮತ್ತೆ ಇಳಿಯಲೇಬೇಕು. ಹೆಚ್ಚಿನವರಲ್ಲಿ ಒಂದೂವರೆ ತಿಂಗಳೊಳಗೆ ಶಿಖರ ಮುಗಿಯುತ್ತದೆ. ಕೆಲವರಲ್ಲಿ ಮೂರು, ನಾಲ್ಕು ತಿಂಗಳವರೆಗೂ ಎಳೆಯುವುದುಂಟು. ಆ ಅವಧಿ ಕಳೆದರೂ ಒಂದರ ಮೇಲೊಂದರಂತೆ ಏರುತ್ತಲೇ ಇದ್ದರೆ ಅದಕ್ಕೆ ಬೇರೆ ಹೆಸರಿಲ್ಲ, ಕಾಯಿಲೆ ಮುಂದುವರಿಯುತ್ತಿದೆ ಎಂದೇ ಶಂಕಿಸಬೇಕು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಶಂಕಿಸಬೇಕು, ಮುಂದಿನ ಸ್ಕ್ಯಾನನ್ನು ಬೇಗ ಮಾಡಿಸಿಕೊಳ್ಳಬೇಕು. "ಅದು ಬರಿಯ ಚಿಮ್ಮು" ಎಂದು ಆರು ತಿಂಗಳು ಸಮಾಧಾನ ಹೇಳಿಕೊಂಡು ಕುಳಿತವರನ್ನೂ ನಾನು ನೋಡಿದ್ದೇನೆ. ಮೊದಲ ತಿಂಗಳಲ್ಲಿ ಗಾಬರಿಯಾಗುವುದಕ್ಕಿಂತ ಅದು ಹೆಚ್ಚು ಅಪಾಯ.

ಇನ್ನೊಂದು ವಿಷಯ. ಪ್ರತಿ ಸೈಕಲ್‌ಗೂ ಸಿಇಎ ನೋಡುವುದು ನನಗೆ ಸರಿ ಕಾಣುವುದಿಲ್ಲ. ಶುರುವಿಗೊಮ್ಮೆ, ಆಮೇಲೆ ಒಂದರಿಂದ ಮೂರು ತಿಂಗಳಿಗೊಮ್ಮೆ ಎನ್ನುವುದು ಮಾರ್ಗಸೂಚಿಯ ಮಾತು. ಎರಡು ವಾರಕ್ಕೊಮ್ಮೆ ನೋಡಿದರೆ ಸಿಗುವುದು ಹೆಚ್ಚು ಅರಿವಲ್ಲ, ಹೆಚ್ಚು ನಿದ್ರೆಗೇಡು.

ಎರಡನೇ ಸುತ್ತಿನವ

ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ ಸರ್. ಹೇಗೂ ಪ್ರತಿ ಸೈಕಲ್‌ಗೆ ಮುನ್ನ ರಕ್ತಕಣಗಳ ಎಣಿಕೆಗೆ ಸೂಜಿ ಚುಚ್ಚುತ್ತಾರೆ, ಅದೇ ಚುಚ್ಚಿನಲ್ಲಿ ಇದನ್ನೂ ನೋಡಿದರೆ ತಪ್ಪೇನು? ಫೋಲ್‌ಫಾಕ್ಸ್ ಕೈಕೊಟ್ಟಾಗ ನನಗೆ ಮೊದಲು ಗೊತ್ತಾದದ್ದು ಸಿಇಎಯಿಂದಲೇ. 6, 9, 15, 24 ಎಂದು ಸಾಲಾಗಿ ಏರಿತು. ಆ ನಡುವಿನ ಒಂದು ಸ್ಕ್ಯಾನ್ "ಗಮನಾರ್ಹ ಬದಲಾವಣೆ ಇಲ್ಲ" ಎಂದಿತ್ತು. ಮುಂದಿನದರಲ್ಲಿ ಲಿವರ್‌ನಲ್ಲಿ ಹೊಸ ಚುಕ್ಕೆ. ಅಂಕಿ ಬಾರದಿದ್ದರೆ ಸ್ಕ್ಯಾನ್ ಅಷ್ಟು ಬೇಗ ಮಾಡಿಸುತ್ತಿರಲಿಲ್ಲ.

ನಿವೃತ್ತ ಶಸ್ತ್ರವೈದ್ಯ

ನಿಮ್ಮ ಉದಾಹರಣೆಯಲ್ಲಿ ತಿಂಗಳಿಗೊಮ್ಮೆ ನೋಡಿದ್ದರೂ ಅದೇ ಏರು ಕಾಣುತ್ತಿತ್ತು. ಇರಲಿ, ಇದು ಜಗಳವಾಡುವ ವಿಷಯವಲ್ಲ. ಅಂಕಿಯನ್ನು ತಾಳಿಕೊಳ್ಳಬಲ್ಲವರು ನೋಡಲಿ.

ಲ್ಯಾಬ್ ಮೇಜಿನಿಂದ

ನಾನು ಜೀವರಸಾಯನ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಈ ಅಂಕಿಗಳು ಯಂತ್ರದಿಂದ ಹೊರಬರುವುದನ್ನು ದಿನವಿಡೀ ನೋಡುತ್ತೇನೆ. ಔಷಧದ ಬಗ್ಗೆ ಹೇಳಲು ನನಗೆ ಅಧಿಕಾರವಿಲ್ಲ, ಅಂಕಿಯ ಬಗ್ಗೆ ಇದೆ.

ಮೊದಲನೆಯದಾಗಿ, ಒಂದೇ ಕೊಳವೆಯ ರಕ್ತವನ್ನು ಎರಡು ಸಲ ಯಂತ್ರಕ್ಕೆ ಕೊಟ್ಟರೂ ಒಂದೇ ಉತ್ತರ ಬರುವುದಿಲ್ಲ. 100 ಬಂದದ್ದು ಇನ್ನೊಮ್ಮೆ 95 ಅಥವಾ 106 ಬರಬಹುದು. ಇದರ ಮೇಲೆ ದೇಹದೊಳಗಿನ ದಿನದಿನದ ಏರಿಳಿತ ಬೇರೆ. ಆದ್ದರಿಂದಲೇ ಶೇಕಡಾ 30ರಷ್ಟಾದರೂ ಏರಿರಬೇಕು, ಅದೂ ಇನ್ನೊಂದು ಮಾದರಿಯಲ್ಲಿ ಖಚಿತವಾಗಬೇಕು, ಆಗ ಮಾತ್ರ ಏರಿಕೆ ಎನ್ನಬೇಕು ಎಂಬ ರೂಢಿ ಇದೆ. ನಿಮ್ಮ ತಾಯಿಯದು 86ರಿಂದ 109 ಅಂದರೆ ಶೇಕಡಾ 27, ಗಡಿಯೊಳಗೇ ಇದೆ. ಆದರೆ 86ರಿಂದ 134 ಅಂದರೆ ಶೇಕಡಾ 56. ಅದು ಯಂತ್ರದ ತೊನೆದಾಟವಲ್ಲ, ನಿಜವಾಗಿಯೂ ಏರಿದೆ. ಏಕೆ ಏರಿತು ಎನ್ನುವುದನ್ನು ಡಾಕ್ಟರ್ ಹೇಳಿದ್ದಾರೆ.

ಎರಡನೆಯದು ಲ್ಯಾಬ್ ಬದಲಾಯಿಸುವ ಚಾಳಿ. ಬೇರೆ ಬೇರೆ ಕಂಪನಿಯ ಕಿಟ್‌ಗಳು ಸಿಇಎ ಅಣುವಿನ ಬೇರೆ ಬೇರೆ ಜಾಗವನ್ನು ಹಿಡಿಯುತ್ತವೆ. ಒಂದೇ ದಿನ, ಒಂದೇ ರಕ್ತ, ಎರಡು ಲ್ಯಾಬ್‌ನಲ್ಲಿ ಗಣನೀಯವಾಗಿ ಬೇರೆಯಾದ ಎರಡು ಅಂಕಿ ಬರಬಹುದು. ಎರಡೂ ತಪ್ಪಲ್ಲ, ಆದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಏರಿತು ಇಳಿಯಿತು ಎನ್ನುವಂತಿಲ್ಲ. ವರದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ವಿಧಾನದ ಹೆಸರು ಇರುತ್ತದೆ, ಯಾರೂ ಓದುವುದಿಲ್ಲ. ಓದಿ. ಲ್ಯಾಬ್ ಬದಲಿಸಲೇಬೇಕಾದರೆ ಒಮ್ಮೆ ಎರಡೂ ಕಡೆ ಮಾಡಿಸಿ, ಹೊಸ ಕಡೆಯದನ್ನು ಹೊಸ ಶುರುವೆಂದು ಹಿಡಿಯಿರಿ. ಕೆಲವು ವರದಿಗಳಲ್ಲಿ ಮಿಲಿಲೀಟರ್‌ಗೆ ನ್ಯಾನೋಗ್ರಾಂ, ಕೆಲವಲ್ಲಿ ಲೀಟರ್‌ಗೆ ಮೈಕ್ರೋಗ್ರಾಂ ಎಂದಿರುತ್ತದೆ. ಎರಡೂ ಒಂದೇ, ಅಲ್ಲಿ ಲೆಕ್ಕ ಹಾಕಲು ಹೋಗಬೇಡಿ.

ಇನ್ನು ಆ ಕೆಂಪು ಬಾಣ. ಸಾಮಾನ್ಯವಾಗಿ 5ರ ಮೇಲಿರುವ ಯಾವುದಕ್ಕೂ ಯಂತ್ರ ಬಾಣ ಹಾಕುತ್ತದೆ. ಕೆಲವು ಲ್ಯಾಬ್‌ಗಳು ಧೂಮಪಾನ ಮಾಡದವರಿಗೆ 3ರಲ್ಲೇ ಗೆರೆ ಎಳೆಯುತ್ತವೆ. 134ರಿಂದ 60ಕ್ಕೆ ಇಳಿದರೂ ಬಾಣ ಮೇಲ್ಮುಖವೇ. ಹೋದ ಸಲಕ್ಕಿಂತ ಏರಿದೆಯೋ ಇಲ್ಲವೋ ಎಂದು ಅದಕ್ಕೆ ತಿಳಿಯದು. ರಾತ್ರಿ ಅದನ್ನು ನೋಡಿ ಕಂಗಾಲಾಗುವವರ ಕರೆ ನಮಗೆ ಬೆಳಿಗ್ಗೆ ಬರುತ್ತಿರುತ್ತದೆ.

ಕ್ಯಾನ್ಸರ್‌ಗೆ ಸಂಬಂಧವಿಲ್ಲದೆಯೂ ಸಿಇಎ ಏರುವುದುಂಟು: ಧೂಮಪಾನ, ಲಿವರ್‌ನ ಉರಿಯೂತ, ಪಿತ್ತನಾಳ ಕಟ್ಟುವುದು, ಮೇದೋಜ್ಜೀರಕದ ಉರಿಯೂತ, ಶ್ವಾಸಕೋಶದ ಸೋಂಕು, ಥೈರಾಯ್ಡ್‌ನ ಕೆಲಸ ಕುಗ್ಗುವುದು. ಬಹುತೇಕ ಸಂದರ್ಭಗಳಲ್ಲಿ ಅದು 10ರ ಒಳಗೇ ನಿಲ್ಲುತ್ತದೆ. ಆದರೆ ಮೊದಲೇ ಏರಿರುವವರಿಗೆ ಲಿವರ್ ಸುಸ್ತಾದಾಗ ಇದ್ದದ್ದೂ ಹೊರಹೋಗದೆ ಉಳಿಯುತ್ತದೆ. ಹಾಗಾಗಿ ಸಿಇಎ ಹಾಳೆಯನ್ನು ಒಂಟಿಯಾಗಿ ನೋಡದೆ, ಲಿವರ್ ಮತ್ತು ಪಿತ್ತನಾಳದ ಸ್ಥಿತಿ ಹೇಳುವ ಅದೇ ದಿನದ ಬಿಲಿರುಬಿನ್ ಮತ್ತು ಆಲ್ಕಲೈನ್ ಫಾಸ್ಫಟೇಸ್ ಅಂಕಿಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಕೊನೆಯದಾಗಿ ಒಂದು ಪ್ರಶ್ನೆ, ಹಿರಿಮಗಳು ಅವರೇ. ತಾಯಿ ಕೂದಲಿಗೆ ಅಥವಾ ಉಗುರಿಗೆ ಎಂದು ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ?

ಹಿರಿಮಗಳು

ಎಲ್ಲರಿಗೂ ಧನ್ಯವಾದ. ಇಲ್ಲ ಅಕ್ಕ, ಅಂಥ ಮಾತ್ರೆ ಇಲ್ಲ. ಕೂದಲು ಸ್ವಲ್ಪ ತೆಳುವಾಗುತ್ತಿದೆ ಅಷ್ಟೇ. ಬಿಲಿರುಬಿನ್ ಸರಿ ಇದೆ, ಆಲ್ಕಲೈನ್ ಫಾಸ್ಫಟೇಸ್ ಮೊದಲಿಗಿಂತ ಕಡಿಮೆಯಾಗಿದೆ. ತಮ್ಮನಿಗೆ ಇದೆಲ್ಲವನ್ನೂ ಓದಿ ಹೇಳಿದೆ. ಸ್ಕ್ಯಾನ್‌ವರೆಗೆ ಕಾಯಲು ಒಪ್ಪಿದ್ದಾನೆ, ಮುಖ ಮಾತ್ರ ಸಡಿಲವಾಗಿಲ್ಲ.

ಐದರೊಳಗೆ

ನನ್ನದು ತಿರುವುಮುರುವು ಕಥೆ. ಇದನ್ನು ಓದುವ ಎಷ್ಟೋ ಜನರಿಗೆ ಸಿಇಎ ಸಹಜವಾಗಿದೆ ಎಂಬ ನೆಮ್ಮದಿ ಇರಬಹುದು, ಅವರಿಗಾಗಿ ಬರೆಯುತ್ತಿದ್ದೇನೆ.

ಬಲಭಾಗದ ಕರುಳು, ಕೋಶಗಳು ತಮ್ಮ ಮೂಲ ರೂಪವನ್ನೇ ಕಳೆದುಕೊಂಡ ಬಗೆ. ರೋಗ ಪತ್ತೆಯಾದ ದಿನ ಸಿಇಎ 2.1. ಹೊಟ್ಟೆಯ ಒಳಪೊರೆಗೆ ಹರಡಿದಾಗ 2.4. ನನ್ನ ವರದಿಯಲ್ಲಿ ಕೆಂಪು ಅಕ್ಷರ ಎಂದೂ ಬರಲಿಲ್ಲ, ಹೊಟ್ಟೆಯಲ್ಲಿ ನೀರು ಮಾತ್ರ ತುಂಬುತ್ತಿತ್ತು. ಬಂಧುಗಳು ಹಾಳೆ ನೋಡಿ "ಎಲ್ಲಾ ನಾರ್ಮಲ್" ಎಂದು ಸಂಭ್ರಮಿಸುತ್ತಿದ್ದರು. ಸೀರೆಯ ನೆರಿಗೆ ಕೂಡದಿರುವುದು ನನಗೆ ಗೊತ್ತಿತ್ತು.

ಕೆಲವು ಗಡ್ಡೆಗಳು ಸಿಇಎ ಬಿಡುವುದೇ ಇಲ್ಲ, ನಿಮ್ಮ ವಿಷಯದಲ್ಲಿ ಇದು ನಂಬುವ ಪರೀಕ್ಷೆಯಲ್ಲ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಆದ್ದರಿಂದ ಅವರು ಸ್ಕ್ಯಾನ್ ಮತ್ತು ನನ್ನ ದೂರುಗಳನ್ನೇ ನೆಚ್ಚಿಕೊಂಡರು. ಗಡ್ಡೆಯ ಪರೀಕ್ಷೆಯಲ್ಲಿ ಎಂಎಸ್‌ಐ ಹೈ (ಡಿಎನ್‌ಎ ನಕಲಿನ ತಪ್ಪು ತಿದ್ದಲಾರದ ಬಗೆ) ಎಂದು ಬಂತು, ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಪೆಂಬ್ರೊಲಿಜುಮ್ಯಾಬ್ ಸಿಕ್ಕಿತು. ಅದರಲ್ಲಿ ಸ್ಕ್ಯಾನ್ ಕೂಡ ದಾರಿ ತಪ್ಪಿಸಬಹುದಂತೆ, ರೋಗನಿರೋಧಕ ಕೋಶಗಳು ಗಡ್ಡೆಯೊಳಗೆ ನುಗ್ಗಿ ಗಡ್ಡೆ ಮೊದಲು ಊದಿದಂತೆ ಕಾಣುವುದೂ ಉಂಟಂತೆ. ನನಗೆ ಹಾಗಾಗಲಿಲ್ಲ, ನೀರು ತಗ್ಗಿತು. ಸಿಇಎ ಇಂದಿಗೂ 2.2. ಅದರ ಪಾಡಿಗೆ ಅದು.

ಪಕ್ಕದ ಕುರ್ಚಿ

ನಮ್ಮಣ್ಣನದು ಇನ್ನೊಂದು ಥರ. ಸಿಇಎ 300ರಿಂದ 90ಕ್ಕೆ ಇಳಿದ ವಾರವೇ ಸ್ಕ್ಯಾನ್‌ನಲ್ಲಿ ಶ್ವಾಸಕೋಶದಲ್ಲಿ ಹೊಸ ಗಂಟುಗಳು. ಲಿವರ್‌ನವು ಕುಗ್ಗಿವೆ, ಶ್ವಾಸಕೋಶದವು ಹುಟ್ಟಿವೆ. ಅಂಕಿ ಬಂದ ದಿನ ಸಂಭ್ರಮಿಸಿ, ಸ್ಕ್ಯಾನ್ ದಿನ ಕುಸಿದೆವು. ಯಾವುದನ್ನು ನಂಬಬೇಕು ಎಂದು ಕೇಳಿದರೆ ಡಾಕ್ಟರ್ "ಎರಡನ್ನೂ" ಎಂದರು. ಆಗ ಸಿಟ್ಟು ಬಂದಿತ್ತು.

ನಿವೃತ್ತ ಶಸ್ತ್ರವೈದ್ಯ

ಅವರು ಸರಿಯಾಗಿಯೇ ಹೇಳಿದರು. ಎಲ್ಲ ಗಂಟುಗಳೂ ಒಂದೇ ತೆರನಾದ ಕೋಶಗಳಿಂದ ಆಗಿರುವುದಿಲ್ಲ. ಸಿಇಎಯನ್ನು ಹೆಚ್ಚು ಬಿಡುತ್ತಿದ್ದ ಲಿವರ್‌ನ ಗಂಟುಗಳು ಔಷಧಕ್ಕೆ ಬಗ್ಗಿದವು, ಕಡಿಮೆ ಬಿಡುವ ಇನ್ನೊಂದು ಗುಂಪು ಬಗ್ಗಲಿಲ್ಲ. ಲಿವರ್‌ಗೆ ಹರಡಿದಾಗ ಸಿಇಎ ಎದ್ದು ಕಾಣುವಷ್ಟು ಏರುತ್ತದೆ. ಶ್ವಾಸಕೋಶ ಮತ್ತು ಹೊಟ್ಟೆಯ ಒಳಪೊರೆಯ ವಿಷಯದಲ್ಲಿ ಅದು ಅಷ್ಟು ಚುರುಕಲ್ಲ. ಹೊಸ ಗಂಟು ಕಂಡರೆ ಅಂಕಿ ಎಷ್ಟೇ ಇಳಿದಿರಲಿ, ಅದು ರೋಗ ಮುಂದುವರಿದಂತೆಯೇ ಲೆಕ್ಕ. ಗಡ್ಡೆಗಳನ್ನು ಅಳೆಯುವ ರೆಸಿಸ್ಟ್ ನಿಯಮದಲ್ಲಿ ಸಿಇಎಯಂಥ ರಕ್ತದ ಮಾರ್ಕರ್ ಒಂದರಿಂದಲೇ ಫಲ ಬಂತು, ಬರಲಿಲ್ಲ ಎನ್ನುವಂತಿಲ್ಲ.

ಎರಡನೇ ಸುತ್ತಿನವ

ಸರ್, ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಹುಡುಕುವ ಪರೀಕ್ಷೆ ಸಿಇಎಗಿಂತ ಉತ್ತಮವೇ?

ನಿವೃತ್ತ ಶಸ್ತ್ರವೈದ್ಯ

ಅದು ರಕ್ತದಲ್ಲಿ ಗಂಟೆಗಳ ಲೆಕ್ಕದಲ್ಲಿ ಕರಗುತ್ತದೆ, ದಿನಗಟ್ಟಲೆ ಉಳಿಯುವುದಿಲ್ಲ. ಹೀಗಾಗಿ ಇಂದಿನ ಸ್ಥಿತಿಯನ್ನು ಸಿಇಎಗಿಂತ ಬೇಗ ತೋರಿಸಬಲ್ಲದು. ಸೆಟುಕ್ಸಿಮ್ಯಾಬ್ ಪಡೆಯುತ್ತಿರುವವರಲ್ಲಿ ಹೊಸದಾಗಿ ರಾಸ್ ಬದಲಾವಣೆ ಹುಟ್ಟಿದೆಯೇ ಎಂದು ನೋಡಲು ನಿಜವಾಗಿ ಉಪಯುಕ್ತ. ಆದರೆ ಅದೊಂದನ್ನೇ ನೋಡಿ ಔಷಧ ಬದಲಿಸುವುದು ಇನ್ನೂ ದಿನನಿತ್ಯದ ರೂಢಿಯಾಗಿಲ್ಲ. ಎಲ್ಲೆಡೆ ಸಿಗುವುದೂ ಇಲ್ಲ.

ಹಿರಿಮಗಳು

ಕೆಲವು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ನಾಲ್ಕನೇ ಸೈಕಲ್‌ಗೆ ಮುನ್ನ ಸಿಇಎ 138. ಐದನೆಯದಕ್ಕೆ ಮುನ್ನ 97! ಸಿಟಿ ಸ್ಕ್ಯಾನ್ ಕೂಡ ಆಯಿತು. ಲಿವರ್‌ನ ದೊಡ್ಡ ಗಡ್ಡೆ 5.2 ಸೆಂಟಿಮೀಟರ್ ಇದ್ದದ್ದು 4.3, ಇನ್ನೊಂದು 3.6 ಇದ್ದದ್ದು 3.0. ಹೊಸದೇನೂ ಇಲ್ಲ. ಆದರೆ ವರದಿಯ ಕೊನೆಯಲ್ಲಿ "ರೋಗ ಸ್ಥಿರ" ಎಂದು ಬರೆದಿದ್ದಾರೆ. ಇಷ್ಟು ಕುಗ್ಗಿದ್ದರೂ ಸ್ಥಿರವೆಂದರೆ ಏನು? ತಮ್ಮ ಮತ್ತೆ ಹಳೆಯ ರಾಗ ತೆಗೆದಿದ್ದಾನೆ. 97 ಎಂದರೂ ಶುರುವಿನ 86ಕ್ಕಿಂತ ಹೆಚ್ಚೇ ಅಲ್ಲವೇ ಎನ್ನುತ್ತಾನೆ.

ಹಾಂ ಅಕ್ಕ, ನೀವು ಕೇಳಿದ್ದಿರಿ ಎಂದು ಹೇಳುತ್ತಿದ್ದೇನೆ. ನಾಲ್ಕನೇ ಸೈಕಲ್ ಮುಗಿದ ಮೇಲೆ ಚಿಕ್ಕಮ್ಮ ಅಮ್ಮನಿಗೆ ಕೂದಲಿನ ಮಾತ್ರೆ ತಂದುಕೊಟ್ಟಿದ್ದಾರೆ. ಡಬ್ಬಿಯ ಮೇಲೆ ಬಯೋಟಿನ್ 10,000 ಮೈಕ್ರೋಗ್ರಾಂ ಎಂದಿದೆ. ತೊಂದರೆಯೇ?

ಲ್ಯಾಬ್ ಮೇಜಿನಿಂದ

ಇದಕ್ಕಾಗಿಯೇ ಅಂದು ಕೇಳಿದ್ದೆ. ಸಿಇಎ ಅಳೆಯುವ ಕೆಲವು ಕಿಟ್‌ಗಳಲ್ಲಿ ಸಿಇಎ ಅಣುವನ್ನು ಹಿಡಿದು ನಿಲ್ಲಿಸುವ ಕೊಂಡಿಯೇ ಬಯೋಟಿನ್ ಎಂಬ ವಿಟಮಿನ್. ರಕ್ತದಲ್ಲಿ ಹೊರಗಿನ ಬಯೋಟಿನ್ ತುಂಬಿದ್ದರೆ ಕೊಂಡಿಯ ಜಾಗವನ್ನು ಅದೇ ಆಕ್ರಮಿಸುತ್ತದೆ. ಹಿಡಿಯಬೇಕಾದ ಸಿಇಎ ತೊಳೆದುಹೋಗುತ್ತದೆ, ಯಂತ್ರ ಕಡಿಮೆ ತೋರಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ, ಡಬ್ಬಿಯಲ್ಲಿರುವುದು ಅದರ ಮುನ್ನೂರು ಪಟ್ಟಿಗಿಂತ ಹೆಚ್ಚು.

ಹಾಗಾಗಿ ಮೊದಲಿನ 109, 134, 138 ಅಂಕಿಗಳಿಗೆ ಕಳಂಕವಿಲ್ಲ, ಆಗ ಮಾತ್ರೆ ಇರಲಿಲ್ಲ. ಅನುಮಾನ ಇರುವುದು 97ರ ಮೇಲೆ. ಲ್ಯಾಬ್‌ಗೆ ಕರೆ ಮಾಡಿ, ನಿಮ್ಮ ಸಿಇಎ ವಿಧಾನಕ್ಕೆ ಬಯೋಟಿನ್ ಅಡ್ಡಿಯಾಗುತ್ತದೆಯೇ ಎಂದು ನೇರವಾಗಿ ಕೇಳಿ, ಅವರಿಗೆ ಗೊತ್ತಿರುತ್ತದೆ. ಡಾಕ್ಟರ್‌ಗೂ ತಿಳಿಸಿ, ಮಾತ್ರೆಯನ್ನು ಕನಿಷ್ಠ ಎರಡು ಮೂರು ದಿನ ನಿಲ್ಲಿಸಿ ಇನ್ನೊಮ್ಮೆ ರಕ್ತ ಕೊಡಿ. ಹೇಳದೆ ಕೇಳದೆ ನಿಲ್ಲಿಸಿಬಿಟ್ಟರೆ ಮುಂದಿನ ತಿಂಗಳು ಅಂಕಿ ಜಿಗಿಯುತ್ತದೆ, ಆಗ ಔಷಧ ಕೈಕೊಟ್ಟಿತೆಂದು ಎಲ್ಲರೂ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತೀರಿ.

ನಿವೃತ್ತ ಶಸ್ತ್ರವೈದ್ಯ

ಲ್ಯಾಬ್‌ನವರು ಹೇಳಿದ್ದನ್ನು ಮೊದಲು ಮಾಡಿ. ಇನ್ನು ಆ "ಸ್ಥಿರ" ಎಂಬ ಷರಾ. ರೆಸಿಸ್ಟ್ ನಿಯಮದಲ್ಲಿ ಆಯ್ದ ಗಡ್ಡೆಗಳ ಉದ್ದಳತೆಗಳನ್ನು ಕೂಡುತ್ತಾರೆ. ನಿಮ್ಮ ತಾಯಿಯದು 8.8 ಇದ್ದದ್ದು 7.3 ಆಗಿದೆ, ಸುಮಾರು ಶೇಕಡಾ 17 ಇಳಿಕೆ. ಶೇಕಡಾ 30 ಇಳಿದರೆ "ಭಾಗಶಃ ಫಲ" ಎನ್ನುತ್ತಾರೆ. ಅತಿ ಚಿಕ್ಕ ಮೊತ್ತದಿಂದ ಶೇಕಡಾ 20 ಏರಿ, ಆ ಏರಿಕೆ ಕನಿಷ್ಠ 5 ಮಿಲಿಮೀಟರ್ ಇದ್ದರೆ, ಅಥವಾ ಹೊಸ ಗಂಟು ಕಂಡರೆ, "ಮುಂದುವರಿದಿದೆ" ಎನ್ನುತ್ತಾರೆ. ನಡುವಿನದೆಲ್ಲವೂ "ಸ್ಥಿರ" ಎಂಬ ಒಂದೇ ಡಬ್ಬಕ್ಕೆ ಬೀಳುತ್ತದೆ. ಶೇಕಡಾ 17 ಕುಗ್ಗಿದವರೂ ಅಲ್ಲೇ, ಶೇಕಡಾ 15 ಬೆಳೆದವರೂ ಅಲ್ಲೇ. ಆದ್ದರಿಂದ ಷರಾ ಬಿಟ್ಟು ಅಳತೆ ಓದಿ. ಎರಡೂ ಗಡ್ಡೆಗಳು ಒಂದೇ ದಿಕ್ಕಿನಲ್ಲಿ ಹೋಗಿವೆ, ನೋವು ಕಡಿಮೆ, ಆಲ್ಕಲೈನ್ ಫಾಸ್ಫಟೇಸ್ ಕಡಿಮೆ. ಜೊತೆಗೆ ಬೆವಾಸಿಜುಮ್ಯಾಬ್ ಇರುವಾಗ ಗಡ್ಡೆ ಅಳತೆಯಲ್ಲಿ ಹೆಚ್ಚು ಕುಗ್ಗದೆ, ಒಳಗೆ ಮಸುಕಾಗಿ ಅಂಚು ಚೊಕ್ಕವಾಗುವುದೂ ಒಳ್ಳೆಯ ಲಕ್ಷಣವೇ. ಅದು ಉದ್ದಳತೆಯ ಲೆಕ್ಕಕ್ಕೆ ಸಿಗುವುದಿಲ್ಲ. ಚಿತ್ರ ನೋಡುವ ರೇಡಿಯಾಲಜಿಸ್ಟ್ ಏನೆನ್ನುತ್ತಾರೆ ಎಂದು ಕೇಳಿಸಿ.

ತಮ್ಮನ ಪ್ರಶ್ನೆ ತಪ್ಪಲ್ಲ. 97 ಇನ್ನೂ 86ರ ಮೇಲಿದೆ. ಆದರೆ ಹೋಲಿಸಬೇಕಾದದ್ದು ಶಿಖರದೊಂದಿಗೆ, 138ರೊಂದಿಗೆ. ಆರಂಭದ ಚಿಮ್ಮು ಎಂದು ಕರೆಯಲು ಶೇಕಡಾ 20ಕ್ಕಿಂತ ಹೆಚ್ಚು ಏರಿ, ಆಮೇಲೆ ಅಷ್ಟೇ ಪ್ರಮಾಣದಲ್ಲಿ ಇಳಿಯಬೇಕು ಎಂಬ ಅಳತೆಗೋಲನ್ನು ಕೆಲವು ಅಧ್ಯಯನಗಳಲ್ಲಿ ಬಳಸುತ್ತಾರೆ. 97 ನಿಜವಾಗಿದ್ದರೆ ಇಳಿಕೆ ಶೇಕಡಾ 30ರ ಹತ್ತಿರ. ನಿಜವೇ ಎಂಬುದು ಮಾತ್ರ ಈಗ ಉಳಿದಿರುವುದು.

ಐದರೊಳಗೆ

ಚಿಕ್ಕಮ್ಮನನ್ನು ಬೈಯಬೇಡಿ ಪಾಪ. ನಮ್ಮ ಮನೆಯಲ್ಲೂ ಇಂಥ ಡಬ್ಬಿಗಳು ಸಾಲಾಗಿ ಬಂದು ಕುಳಿತಿದ್ದವು.

ಹಿರಿಮಗಳು

ಬೈಯಲಿಲ್ಲ, ಡಬ್ಬಿಯನ್ನು ಮಾತ್ರ ಎತ್ತಿಟ್ಟೆ. ಲ್ಯಾಬ್‌ಗೆ ಕರೆ ಮಾಡಿದೆ. ಮೊದಲು ಫೋನ್ ಎತ್ತಿದವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಳಗಿನವರಿಗೆ ಕೊಡಿ ಎಂದು ಪಟ್ಟು ಹಿಡಿದಾಗ, ತಮ್ಮ ವಿಧಾನದಲ್ಲಿ ಹೆಚ್ಚಿನ ಬಯೋಟಿನ್ ಅಡ್ಡಿಯಾಗಬಹುದು, ಮಾತ್ರೆ ನಿಲ್ಲಿಸಿ ಬನ್ನಿ ಎಂದರು. ಡಾಕ್ಟರ್ ಒಪ್ಪಿಗೆ ಪಡೆದು ಅದೇ ವಾರದ ಕೊನೆಗೆ ಮತ್ತೆ ರಕ್ತ ಕೊಟ್ಟೆವು. 101 ಬಂತು. 97ರ ಬದಲು 101, ಇದನ್ನು ಹೇಗೆ ಓದಲಿ?

ಲ್ಯಾಬ್ ಮೇಜಿನಿಂದ

ಎರಡರ ನಡುವೆ ಶೇಕಡಾ 4. ನಾನು ಮೊದಲೇ ಹೇಳಿದ ತೊನೆದಾಟದೊಳಗೇ ಇದೆ. ಬಯೋಟಿನ್ ದೊಡ್ಡ ಮಟ್ಟದಲ್ಲಿ ಕೈಯಾಡಿಸಿದ್ದರೆ ಅಂಕಿ 138ರ ಕಡೆಗೆ ಮರಳಬೇಕಿತ್ತು. ಇಳಿಕೆ ನಿಜ. ಮಾತ್ರೆ ಬೇಕೇ ಬೇಕು ಎಂದಾದರೆ ಡಾಕ್ಟರ್‌ರನ್ನು ಕೇಳಿ, ರಕ್ತ ಕೊಡುವ ಚೀಟಿಯ ಮೇಲೆ ಅದರ ಹೆಸರು ಬರೆಸಿ.

ಎರಡನೇ ಸುತ್ತಿನವ

ಒಳ್ಳೆಯ ಸುದ್ದಿ ತಂಗಿ. ತಮ್ಮನ ಮುಖ ಈಗಲಾದರೂ ಸಡಿಲವಾಯಿತೇ?

ಹಿರಿಮಗಳು

ಅವನೇ ಈಗ ಹಾಳೆಯ ಮೇಲೆ ಗೆರೆ ಎಳೆದು ಅಂಕಿಗಳನ್ನು ಕೂರಿಸುತ್ತಿದ್ದಾನೆ, ಪ್ರತಿಯೊಂದರ ಕೆಳಗೆ ಆ ದಿನದ ಬಿಲಿರುಬಿನ್ ಕೂಡ. ಡಾಕ್ಟರ್ ಇದೇ ಔಷಧ ಮುಂದುವರಿಸಿದ್ದಾರೆ. ಸಿಇಎ ಇನ್ನು ತಿಂಗಳಿಗೊಮ್ಮೆ ಸಾಕು ಎಂದಿದ್ದಾರೆ. ಸ್ಕ್ಯಾನನ್ನು ಲಿವರ್ ಶಸ್ತ್ರವೈದ್ಯರಿಗೂ ತೋರಿಸುತ್ತಾರಂತೆ, ಇನ್ನಷ್ಟು ಕುಗ್ಗಿದರೆ ತೆಗೆಯಬಹುದೇ ಎಂದು ನೋಡಲು. ಆ ಭೇಟಿಯಲ್ಲಿ ನಾವು ಏನು ಕೇಳಬೇಕು ಸರ್?

ನಿವೃತ್ತ ಶಸ್ತ್ರವೈದ್ಯ

ಎಲ್ಲ ಗಂಟುಗಳನ್ನು ತೆಗೆದ ಮೇಲೆ ಉಳಿಯುವ ಲಿವರ್ ಸಾಕಾಗುತ್ತದೆಯೇ ಎಂದು ಕೇಳಿ, ಎಲ್ಲವೂ ಅದರ ಮೇಲೆ ನಿಂತಿದೆ. ಇನ್ನೆಷ್ಟು ಸೈಕಲ್ ಕೊಟ್ಟು ನಿಲ್ಲಿಸುತ್ತೀರಿ ಎಂದು ಕೇಳಿ. ಆಕ್ಸಾಲಿಪ್ಲಾಟಿನ್ ಹೆಚ್ಚಾದಷ್ಟೂ ಒಳ್ಳೆಯ ಲಿವರ್ ಕೂಡ ನಲುಗುತ್ತದೆ, ಹೀಗಾಗಿ ತೆಗೆಯಬಹುದಾದ ಹಂತಕ್ಕೆ ಬಂದ ಕೂಡಲೇ ತೆಗೆಯುವುದು ಲೇಸು. ಬೆವಾಸಿಜುಮ್ಯಾಬ್ ಗಾಯ ಮಾಯುವುದನ್ನು ತಡೆಯುತ್ತದೆ, ಅದನ್ನು ಶಸ್ತ್ರಚಿಕಿತ್ಸೆಗೆ ಸುಮಾರು ಆರು ವಾರ ಮುಂಚೆಯೇ ಕೈಬಿಡುತ್ತಾರೆ. ಆ ದಿನಾಂಕವನ್ನು ಬರೆದುಕೊಳ್ಳಿ.

ಶಸ್ತ್ರಚಿಕಿತ್ಸೆ ಆದದ್ದೇ ಆದರೆ, ಹಿಂದಿನ ವಾರ ಒಂದು ಸಿಇಎ, ಆಮೇಲೆ ನಾಲ್ಕರಿಂದ ಆರು ವಾರ ಬಿಟ್ಟು ಇನ್ನೊಂದು. ಆ ಎರಡನೆಯದೇ ಹೊಸ ಶುರು. ನಡುವೆ ಯಾರಾದರೂ ರಕ್ತ ತೆಗೆದು ಅಂಕಿ ಕಳಿಸಿದರೆ ತಮ್ಮನ ಗೆರೆಯ ಮೇಲೆ ಅದನ್ನು ಕೂರಿಸಬೇಡಿ.